ನೀರೋ ಸೊಳ್ಳೆಯೋ: ಪ್ಯಾಟ್ರಿಕ್ ಮ್ಯಾನ್ಸನ್ ಅವರ ಜೀವನ

ಬೋಧನಾಭ್ಯಾಸದ ಮೊದಲ ಹಂತಕ್ಕೆ ನನಗೆ ಹಂಚಿಕೆಯಾದದ್ದು ಟಿಕೋಟಾದ ಒಂದು ಪ್ರೌಢಶಾಲೆ. ಒಂಬತ್ತನೆಯ ತರಗತಿಗೆ ರೋಗಗಳು ಹರಡುವ ಬಗೆಯನ್ನು ಕುರಿತು ಐದು ಪಾಠ ಮಾಡಿ ಕೊನೆಗೆ ಒಂದು ಕಿರುಪರೀಕ್ಷೆ ಕೊಟ್ಟೆ. ಆನೆಕಾಲು ರೋಗ ಹೇಗೆ ಹರಡುತ್ತದೆ ಎಂಬುದು ಅದರಲ್ಲಿ ಒಂದು ಅಂಕದ ಪ್ರಶ್ನೆ. ಎಲ್ಲರೂ ಸೊಳ್ಳೆ ಎಂದು ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ಕುಡಿಯುವ ನೀರಿನಿಂದ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ಅಷ್ಟಕ್ಕೇ ನಿಲ್ಲದೆ ಮರುದಿನ ಹೆಸರು ಹೇಳದೆ ಆ ಉತ್ತರವನ್ನು ತರಗತಿಯಲ್ಲಿ ಓದಿದೆ. ಹೆಸರು ಹೇಳದಿದ್ದರೂ ಅದು ಯಾರದೆಂದು ಮಕ್ಕಳಿಗೆ ತಿಳಿಯಿತು, ನಕ್ಕರು. ಅಂದಿನಿಂದ ಆ ಹುಡುಗಿ ಕೈ ಎತ್ತುವುದನ್ನು ಬಿಟ್ಟಳು.

ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕನ ಮಾಡುತ್ತಿದ್ದ ನಮ್ಮ ಮಾರ್ಗದರ್ಶಕರು ನನ್ನ ಪಾಠಯೋಜನೆಯ ಪುಸ್ತಕದಲ್ಲಿ ಪ್ರಶ್ನಿಸುವ ಕೌಶಲ, ಕಪ್ಪು ಹಲಗೆಯ ಬಳಕೆ ಎಲ್ಲದಕ್ಕೂ ಒಳ್ಳೆಯ ಅಂಕ ಕೊಟ್ಟಿದ್ದರು. ಕೆಳಗೆ ಮಾತ್ರ, ಆ ಉತ್ತರ ಎಲ್ಲಿಂದ ಬಂತೆಂದು ವಿಚಾರಿಸಿದಿರಾ ಎಂದು ಕೇಳಿದ್ದರು. ವಿಚಾರಿಸಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಆ ಹುಡುಗಿಯ ಪಕ್ಕದಲ್ಲಿ ಹೋಗಿ ಕುಳಿತೆ. ಅವಳ ಅಜ್ಜಿಯ ತವರು ಬಬಲೇಶ್ವರದ ಕಡೆಯ ಒಂದು ಹಳ್ಳಿಯಂತೆ. ಅಜ್ಜಿಗೆ ಚಿಕ್ಕಂದಿನಲ್ಲಿ ಕಾಲಿನಿಂದ ದಾರದಂಥ ಹುಳು ಹೊರಬಂದಿತ್ತು. ಮೆಟ್ಟಿಲು ಬಾವಿಯ ನೀರು ಕುಡಿದದ್ದರಿಂದ ಬಂತು ಎಂದು ಅಜ್ಜಿ ಇಂದಿಗೂ ಹೇಳುತ್ತಾರೆ. ಕಾಲಿಗೆ ಬರುವ ಹುಳುವಿನ ರೋಗ ನೀರಿನಿಂದ ಬರುತ್ತದೆ ಎಂದು ಹುಡುಗಿ ತಾನೇ ಜೋಡಿಸಿಕೊಂಡು ಬರೆದಿದ್ದಳು.

ಅಜ್ಜಿ ಹೇಳಿದ್ದರಲ್ಲಿ ಒಂದಿಷ್ಟೂ ತಪ್ಪಿಲ್ಲ. ಅದು ನಾರುಹುಣ್ಣು. ನಮ್ಮ ವಿಜಯಪುರವೂ ಸೇರಿದಂತೆ ಉತ್ತರ ಕರ್ನಾಟಕದ ಬರಸೀಮೆಯಲ್ಲಿ ಹಿಂದೆ ಅದು ಮನೆಮಾತಾಗಿತ್ತು. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಜೀವಿಯೊಳಗೆ ಆ ಹುಳುವಿನ ಮರಿ ಬೆಳೆಯುತ್ತದೆ ಎಂದು 1870ರ ಸುಮಾರಿಗೆ ಮಧ್ಯ ಏಷ್ಯಾದಲ್ಲಿ ತೋರಿಸಿದವರು ರಷ್ಯದ ಅಲೆಕ್ಸಿ ಫೆಡ್ಚೆಂಕೊ. 1930ರ ದಶಕದಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಡಾ. ವಿ. ಎನ್. ಮೂರ್ತಿ ಅವರು ಸೈಕ್ಲಾಪ್ಸನ್ನು ತಿನ್ನುವ ಮೀನುಗಳನ್ನು ಬಾವಿಗೆ ಬಿಟ್ಟು ರೋಗ ಇಳಿಯುವುದನ್ನು ತೋರಿಸಿದರು. ಭಾರತದಲ್ಲಿ ಕೊನೆಯ ನಾರುಹುಣ್ಣಿನ ರೋಗಿ ಕಂಡದ್ದು 1996ರಲ್ಲಿ, ದೇಶ ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿದ್ದು 2000ದಲ್ಲಿ.

ಆದರೂ ಆನೆಕಾಲಿನ ಪ್ರಶ್ನೆಗೆ ನೀರು ಎಂಬ ಉತ್ತರ ತಪ್ಪೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಕಾಲೇಜಿನ ಗ್ರಂಥಾಲಯದಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರ ಜೀವನವನ್ನು ಓದುವವರೆಗೆ ಮಾತ್ರ ಉಳಿಯಿತು. ಆನೆಕಾಲಿನ ಹುಳು ಸೊಳ್ಳೆಯೊಳಗೆ ಬೆಳೆಯುವುದನ್ನು ಜಗತ್ತಿನಲ್ಲಿ ಮೊಟ್ಟಮೊದಲು ಕಂಡವರು ಅವರು. ನನ್ನ ಪಾಠಯೋಜನೆಯಲ್ಲೂ ಅವರ ಹೆಸರಿತ್ತು, ಒಂದೇ ಸಾಲಿನಲ್ಲಿ. ರೋಗ ಕುಡಿಯುವ ನೀರಿನಿಂದ ಬರುತ್ತದೆ ಎಂದು ಅದೇ ಮ್ಯಾನ್ಸನ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದರು ಎಂಬುದು ಆ ಒಂದು ಸಾಲಿನಲ್ಲಿ ಇರಲಿಲ್ಲ.

ಮ್ಯಾನ್ಸನ್ ಹುಟ್ಟಿದ್ದು 1844ರ ಅಕ್ಟೋಬರ್ 3ರಂದು, ಸ್ಕಾಟ್ಲೆಂಡಿನ ಅಬರ್ಡೀನ್ ಪ್ರಾಂತದ ಓಲ್ಡ್‌ಮೆಲ್ಡ್ರಮ್ ಎಂಬ ಊರಿನಲ್ಲಿ. ತಂದೆ ಬ್ಯಾಂಕಿನ ಸ್ಥಳೀಯ ವ್ಯವಸ್ಥಾಪಕರು. ಒಂಬತ್ತು ಮಕ್ಕಳಲ್ಲಿ ಇವರು ಎರಡನೆಯವರು. ಹುಡುಗನಿಗೆ ಒಲವಿದ್ದದ್ದು ಯಂತ್ರಗಳ ಕಡೆ. ಅದಕ್ಕಾಗಿ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿಸಿದರು. ಅಲ್ಲಿಯ ದುಡಿತಕ್ಕೆ ಬೆನ್ನುಮೂಳೆ ಬಾಗಿ, ಬಲಗೈ ಶಕ್ತಿ ಕುಂದಿ, ದಿನದ ಬಹುಪಾಲು ಮಲಗಿಯೇ ಕಳೆಯಬೇಕಾಯಿತು. ಆ ಬಿಡುವಿನಲ್ಲಿ ಜೀವವಿಜ್ಞಾನದ ಪುಸ್ತಕ ಹಿಡಿದವರು ವೈದ್ಯಕೀಯಕ್ಕೆ ಬಂದರು. ಇಪ್ಪತ್ತಕ್ಕೇ ಓದು ಮುಗಿಸಿದರೂ ಪದವಿ ಕೊಡಲು ವಯಸ್ಸು ಸಾಲದೆ ಕಾಯಬೇಕಾಗಿ ಬಂದು, 1865ರಲ್ಲಿ ಅಬರ್ಡೀನ್ ವಿಶ್ವವಿದ್ಯಾಲಯದಿಂದ ವೈದ್ಯರಾದರು. ಮರುವರ್ಷವೇ ಚೀನಾದ ಸಾಗರ ಸುಂಕದ ಇಲಾಖೆಯ ವೈದ್ಯರಾಗಿ ಫಾರ್ಮೋಸಾಕ್ಕೆ, ಅಂದರೆ ಇಂದಿನ ತೈವಾನಿಗೆ ಹಡಗು ಹತ್ತಿದರು. 1871ರಲ್ಲಿ ಅಲ್ಲಿಂದ ಚೀನಾದ ಕರಾವಳಿಯ ಅಮೋಯ್ ಎಂಬ ಬಂದರಿಗೆ ಬಂದರು. ಈಗ ಅದನ್ನು ಶಿಯಾಮೆನ್ ಎನ್ನುತ್ತಾರೆ.

ಅಮೋಯ್‌ನಲ್ಲಿ ಅವರ ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಆನೆಕಾಲಿನ ರೋಗಿಗಳು ಬಹಳ. ನಡೆಯಲಾಗದ, ಕೂರಲಾಗದ, ಊರವರಿಂದ ದೂರ ಸರಿದ ಜನ. ಊದಿದ ಭಾಗಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಎಷ್ಟೋ ಜನರನ್ನು ಮತ್ತೆ ದುಡಿಮೆಗೆ ಹಚ್ಚಿದರು. ಆದರೆ ರೋಗ ಯಾಕೆ ಬರುತ್ತದೆ ಎಂಬುದು ಗೊತ್ತಿರಲಿಲ್ಲ. 1875ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯದಲ್ಲಿ ಅವರಿಗೊಂದು ಸುಳಿವು ಸಿಕ್ಕಿತು. ಸುಳಿವು ಹೋಗಿದ್ದು ನಮ್ಮ ದೇಶದಿಂದಲೇ. ಕಲ್ಕತ್ತದಲ್ಲಿದ್ದ ಟಿಮೊಥಿ ಲೂಯಿಸ್ ಎಂಬ ವೈದ್ಯರು 1872ರಲ್ಲಿ ಮನುಷ್ಯನ ರಕ್ತದಲ್ಲಿ ಹರಿದಾಡುವ ಸೂಕ್ಷ್ಮ ಹುಳುಗಳನ್ನು ಕಂಡು ವರದಿ ಬರೆದಿದ್ದರು. ಅದೇ ವರ್ಷ ಮದುವೆಯಾದ ಮ್ಯಾನ್ಸನ್, ಪತ್ನಿ ಹೆನ್ರಿಯೆಟ್ಟಾ ಅವರೊಂದಿಗೆ ಒಂದು ಸೂಕ್ಷ್ಮದರ್ಶಕವನ್ನೂ ಹೊತ್ತು ಅಮೋಯ್‌ಗೆ ಮರಳಿದರು.

ಇಲ್ಲಿಂದ ಮುಂದಿನದು ನನಗೆ ಬಹಳ ಹಿಡಿಸಿದ ಭಾಗ. ಮ್ಯಾನ್ಸನ್ ಮೊದಲು ಮಾಡಿದ್ದು ಲೆಕ್ಕ. ರಕ್ತದಲ್ಲಿ ಕಾಣುವುದು ಮರಿಹುಳು, ಅದರ ಮೇಲೆ ತೆಳುವಾದ ಒಂದು ಪೊರೆ. ಒಬ್ಬನ ಮೈಯಲ್ಲಿ ಅಂಥವು ಲಕ್ಷಗಟ್ಟಲೆ. ಅವೆಲ್ಲವೂ ಅಲ್ಲಿಯೇ ಬೆಳೆದು ದೊಡ್ಡವಾದರೆ ಮನುಷ್ಯ ಬದುಕುವುದುಂಟೇ? ಬದುಕಿದ್ದಾನೆ ಎಂದಮೇಲೆ ಅವು ಅಲ್ಲಿ ಬೆಳೆಯುತ್ತಿಲ್ಲ, ಬೆಳೆಯಲು ಹೊರಗೆ ಹೋಗಬೇಕು. ರಕ್ತದಿಂದ ತಾವಾಗಿ ಹೊರಬರುವ ದಾರಿ ಅವಕ್ಕಿಲ್ಲ. ಆದ್ದರಿಂದ ರಕ್ತ ಹೀರುವ ಯಾವುದೋ ಜೀವಿ ಅವನ್ನು ಒಯ್ಯಬೇಕು. ತಿಗಣೆ, ಹೇನು, ಚಿಗಟ ಎಲ್ಲ ಊರಲ್ಲೂ ಇವೆ, ಆದರೆ ರೋಗ ಬಿಸಿ ನಾಡುಗಳಲ್ಲಿ ಮಾತ್ರ ಇದೆ. ಉಳಿದದ್ದು ಸೊಳ್ಳೆ. ಪ್ರಯೋಗಕ್ಕೆ ಕೈ ಹಾಕುವ ಮೊದಲೇ ತರ್ಕದಿಂದ ಇಷ್ಟು ದೂರ ಬಂದಿದ್ದರು.

1877ರಲ್ಲಿ ಪ್ರಯೋಗ ನಡೆಯಿತು. ಅವರ ಮನೆಯ ತೋಟದ ಕೆಲಸದ ಹಿನ್ ಲೋ ಅವರ ರಕ್ತದಲ್ಲಿ ಮರಿಹುಳುಗಳಿದ್ದವು. ಒಂದು ಚಿಕ್ಕ ಕೋಣೆಯಲ್ಲಿ ದೀಪ ಹಚ್ಚಿಟ್ಟು, ಬಾಗಿಲು ತೆರೆದು, ಹಿನ್ ಲೋ ಅವರನ್ನು ಅಲ್ಲಿ ಮಲಗಿಸಿದರು. ಸೊಳ್ಳೆಗಳು ಒಳಬಂದ ಮೇಲೆ ಬಾಗಿಲು ಮುಚ್ಚಿದರು. ಬೆಳಿಗ್ಗೆ ರಕ್ತ ಕುಡಿದು ಗೋಡೆಗೆ ಕೂತಿದ್ದ ಸೊಳ್ಳೆಗಳನ್ನು ಹಿಡಿದು ಶೀಶೆಗೆ ಹಾಕಿ, ದಿನಕ್ಕಷ್ಟು ಸೀಳಿ ನೋಡಿದರು. ಹುಳು ಪೊರೆ ಕಳಚಿತ್ತು, ಹೊಟ್ಟೆಯ ಗೋಡೆ ದಾಟಿ ಎದೆಯ ಸ್ನಾಯುವಿಗೆ ಹೋಗಿತ್ತು, ಮೋಟಾಗಿ ದಪ್ಪವಾಗಿ, ಆಮೇಲೆ ಉದ್ದವಾಗಿ ಬೆಳೆಯುತ್ತಿತ್ತು. ಮನುಷ್ಯನ ರೋಗಕಾರಕವೊಂದು ರಕ್ತ ಹೀರುವ ಕೀಟದೊಳಗೆ ಬೆಳೆಯುವುದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಆ ಕಂದು ಸೊಳ್ಳೆ ಕ್ಯೂಲೆಕ್ಸ್ ಜಾತಿಯದು. ವಿಜಯಪುರದಲ್ಲಿ ನಮ್ಮ ಓಣಿಯ ಚರಂಡಿಯ ಮೇಲೆ ಸಂಜೆ ಗುಂಯ್ ಎನ್ನುವ ಗುಂಗಾಡ ಅದೇ.

ಹಿನ್ ಲೋ ಅವರ ಬಗ್ಗೆ ಒಂದು ಮಾತು. ಈ ಲೇಖನದ ಮೊದಲ ಕರಡಿನಲ್ಲಿ ಮ್ಯಾನ್ಸನ್ ಅವರಿಗೆ ಬಹುವಚನ, ತೋಟದವನಿಗೆ ಏಕವಚನ ಬರೆದಿದ್ದೆ. ಸಹಪಾಠಿಯೊಬ್ಬರು ಓದಿ ಅದರ ಕೆಳಗೆ ಗೆರೆ ಎಳೆದು ಕೊಟ್ಟರು. ರಾತ್ರಿಯಿಡೀ ಸೊಳ್ಳೆ ಕಚ್ಚಿಸಿಕೊಂಡವರು ಅವರು. ಒಡೆಯ ಹೇಳಿದಾಗ ಬೇಡವೆನ್ನುವ ಸ್ಥಿತಿ ಅವರಿಗೆ ಇತ್ತೇ ಎಂದು ನಾನು ಮಕ್ಕಳಿಗೂ ಕೇಳುತ್ತೇನೆ.

ಇನ್ನೊಂದು ಶೋಧ ಎಡವಿದಂತೆ ಸಿಕ್ಕದ್ದು. ನೂರಾರು ಜನರ ರಕ್ತ ನೋಡಬೇಕಾದಾಗ ಮ್ಯಾನ್ಸನ್ ಇಬ್ಬರು ಸಹಾಯಕರಿಗೆ ಸೂಕ್ಷ್ಮದರ್ಶಕ ಕಲಿಸಿದರು. ಒಬ್ಬರು ಹಗಲು ನೋಡುತ್ತಿದ್ದರು, ಇನ್ನೊಬ್ಬರು ಸಂಜೆಯ ಮೇಲೆ. ರಾತ್ರಿಯವರಿಗೆ ಹುಳು ಸಿಕ್ಕಿದಷ್ಟು ಹಗಲಿನವರಿಗೆ ಸಿಗುತ್ತಿರಲಿಲ್ಲ. ನಮ್ಮಂಥವರಾಗಿದ್ದರೆ ಹಗಲಿನವನು ಸೋಮಾರಿ ಎಂದು ಷರಾ ಬರೆದುಬಿಡುತ್ತಿದ್ದೆವು. ಮ್ಯಾನ್ಸನ್ ಒಂದೇ ರೋಗಿಯ ರಕ್ತವನ್ನು ಕೆಲವು ತಾಸಿಗೊಮ್ಮೆ ಹಗಲೂ ರಾತ್ರಿ ತೆಗೆಸಿ ಎಣಿಸಿದರು. ಮಧ್ಯಾಹ್ನ ಒಂದೂ ಇಲ್ಲ. ಹೊತ್ತು ಮುಳುಗಿದ ಮೇಲೆ ಒಂದೊಂದಾಗಿ ಬರತೊಡಗಿ, ನಡುರಾತ್ರಿಯ ಸುಮಾರಿಗೆ ತುಂಬಿ, ಬೆಳಗಾಗುತ್ತ ಮತ್ತೆ ಮಾಯ. ಮರುದಿನವೂ ಹಾಗೆಯೇ. ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ ಹುಳು ಚರ್ಮದ ಬಳಿಯ ರಕ್ತಕ್ಕೆ ಬರುತ್ತಿತ್ತು. ಹಗಲು ಅವು ಎಲ್ಲಿರುತ್ತವೆ ಎಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ ಲಂಡನ್ನಿನಲ್ಲಿ, ಬೆಳಗಿನ ಹೊತ್ತು ಸತ್ತ ರೋಗಿಯೊಬ್ಬರ ಶವಪರೀಕ್ಷೆಯಿಂದ. ಶ್ವಾಸಕೋಶ ಮತ್ತು ಹೃದಯದ ಬಳಿಯ ದೊಡ್ಡ ರಕ್ತನಾಳಗಳಲ್ಲಿ ಅವು ಗುಂಪುಗೂಡಿದ್ದವು.

ಇದು ಓದಿದಾಗ ನನಗೆ ಚಿಕ್ಕಂದಿನ ಒಂದು ರಾತ್ರಿ ನೆನಪಾಯಿತು. ಊಟ ಮುಗಿದು ಹಾಸಿಗೆ ಹಾಸುವ ಹೊತ್ತಿಗೆ ಆರೋಗ್ಯ ಇಲಾಖೆಯವರು ಬ್ಯಾಟರಿ ಹಿಡಿದು ನಮ್ಮ ಓಣಿಗೆ ಬಂದು ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಹಚ್ಚಿಕೊಂಡು ಹೋಗಿದ್ದರು. ಹಗಲು ಬರಲಿಕ್ಕೆ ಇವರಿಗೇನು ಎಂದು ನಮ್ಮ ಅವ್ವ ಬೈದಿದ್ದರು. ಬೀದರ್, ಕಲಬುರಗಿ, ಯಾದಗಿರಿ, ಬಾಗಲಕೋಟೆ ಮತ್ತು ಕರಾವಳಿಯ ಜಿಲ್ಲೆಗಳಂತೆ ವಿಜಯಪುರವೂ ಆನೆಕಾಲಿನ ಪಟ್ಟಿಯಲ್ಲಿರುವ ಜಿಲ್ಲೆ. ರಾತ್ರಿ ಎಂಟೂವರೆಯಿಂದ ಹನ್ನೆರಡರೊಳಗೆ 20 ಘನ ಮಿಲಿಮೀಟರಿನಷ್ಟು ರಕ್ತ ತೆಗೆದು, ಒಣಗಿಸಿ, ಬಣ್ಣ ಹಾಕಿ, ನೂರು ಜನರಲ್ಲಿ ಎಷ್ಟು ಜನಕ್ಕೆ ಮರಿಹುಳು ಇದೆ ಎಂದು ಎಣಿಸುತ್ತಾರೆ. ಒಂದಕ್ಕಿಂತ ಕೆಳಗೆ ಇಳಿಯಿತೇ ಎಂಬುದರ ಮೇಲೆ ಮುಂದಿನ ಹೆಜ್ಜೆ. 2004ರಿಂದ ನಡೆದುಬಂದಿರುವ ಸಾಮೂಹಿಕ ಗುಳಿಗೆ ನುಂಗಿಸುವ ಕಾರ್ಯಕ್ರಮವನ್ನು ಯಾವಾಗ ನಿಲ್ಲಿಸಬಹುದು ಎಂದು ತೀರ್ಮಾನಿಸುವ ದಾರಿ ಶುರುವಾಗುವುದೂ ಇದೇ ಎಣಿಕೆಯಿಂದ. ನಮ್ಮ ಅವ್ವನ ಬೈಗುಳಕ್ಕೆ ಉತ್ತರ ಅಮೋಯ್‌ನಲ್ಲಿತ್ತು.

ಈಗ ತಪ್ಪಿನ ಮಾತು. ಸೊಳ್ಳೆಯ ಎದೆಯವರೆಗೆ ಹುಳುವನ್ನು ಹಿಂಬಾಲಿಸಿದ ಮ್ಯಾನ್ಸನ್ ಅದು ಮತ್ತೆ ಮನುಷ್ಯನಿಗೆ ಬರುವ ದಾರಿಯನ್ನು ಕಾಣಲಿಲ್ಲ. ಶೀಶೆಯಲ್ಲಿಟ್ಟ ಸೊಳ್ಳೆಗಳು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. ಸೊಳ್ಳೆ ಒಮ್ಮೆ ಮಾತ್ರ ರಕ್ತ ಕುಡಿಯುತ್ತದೆ, ನೀರಿನ ಮೇಲೆ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ ಎಂದು ಅವರು ತಿಳಿದಿದ್ದರು. ಹಾಗಾದರೆ ಒಳಗಿನ ಹುಳು ನೀರಿಗೆ ಬೀಳಬೇಕು, ಆ ನೀರನ್ನು ಕುಡಿದವರಿಗೆ ರೋಗ ಬರಬೇಕು. ಅವರ ಕೈಯಲ್ಲಿದ್ದ ಸಂಗತಿಗಳಿಗೆ ಈ ತೀರ್ಮಾನ ಚೆನ್ನಾಗಿ ಹೊಂದುತ್ತದೆ. ನನ್ನ ತಕರಾರು ಒಂದೇ. ಶೀಶೆಯ ಸೊಳ್ಳೆ ಹಸಿವಿನಿಂದ ಸತ್ತಿತೋ ವಯಸ್ಸಾಗಿ ಸತ್ತಿತೋ ಎಂದು ಅವರು ಕೇಳಿಕೊಳ್ಳಲಿಲ್ಲ. ಹಗಲಿನ ಸಹಾಯಕನ ಮೇಲೆ ಷರಾ ಬರೆಯದೆ ಮತ್ತೆ ಎಣಿಸಿದವರು ಇಲ್ಲಿ ಯಾಕೆ ಮತ್ತೆ ನೋಡಲಿಲ್ಲವೋ.

1883ರಲ್ಲಿ ಅವರು ಹಾಂಗ್‌ಕಾಂಗಿಗೆ ಹೋದರು. ಅಲ್ಲಿ ಶುದ್ಧ ಹಾಲಿಗಾಗಿ ಡೈರಿ ಕಟ್ಟಲು ಮುಂದಾದರು, 1887ರಲ್ಲಿ ಚೀನೀಯರಿಗಾಗಿ ವೈದ್ಯಕೀಯ ಕಾಲೇಜು ಆರಂಭಿಸಿದರು. ಮುಂದೆ ಚೀನಾ ಗಣರಾಜ್ಯದ ಮೊದಲ ಅಧ್ಯಕ್ಷರಾದ ಸುನ್ ಯಾತ್ ಸೆನ್ ಆ ಕಾಲೇಜಿನ ವಿದ್ಯಾರ್ಥಿ. ಆಮೇಲೆ ಸ್ವದೇಶಕ್ಕೆ ಮರಳಿದ ಮ್ಯಾನ್ಸನ್ ಚೀನಾದ ಹಣದ ಬೆಲೆ ಕುಸಿದು ಉಳಿತಾಯ ಕರಗಿದ್ದರಿಂದ ಲಂಡನ್ನಿನಲ್ಲಿ ಮತ್ತೆ ವೃತ್ತಿ ಹಿಡಿದರು.

1894ರಲ್ಲಿ ಅವರನ್ನು ಕಾಣಲು ಬಂದವರು ಭಾರತದ ಸೈನ್ಯದ ವೈದ್ಯ ರೊನಾಲ್ಡ್ ರಾಸ್. ರಾಸ್ ಅವರ ಹೆಸರು ಬೆಂಗಳೂರಿಗೂ ಅಂಟಿದೆ. 1883ರಲ್ಲಿ ಅಲ್ಲಿದ್ದಾಗ ಮನೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು, ತೊಟ್ಟಿ ಖಾಲಿ ಮಾಡಿಸಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ್ದರು. ಮಲೇರಿಯದ ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟು, ಇದೂ ಸೊಳ್ಳೆಯೊಳಗೆ ಬೆಳೆಯುತ್ತಿರಬಹುದೆಂದು ದಾರಿ ತೋರಿದವರು ಮ್ಯಾನ್ಸನ್. ಆದರೆ ದಾರಿಯ ಜೊತೆಗೆ ತಪ್ಪನ್ನೂ ಕೊಟ್ಟು ಕಳಿಸಿದರು. 1895ರಲ್ಲಿ ಸಿಕಂದರಾಬಾದಿನಲ್ಲಿ ರಾಸ್ ಸತ್ತ ಸೊಳ್ಳೆಗಳಿದ್ದ ನೀರನ್ನು ಜನರಿಗೆ ಕುಡಿಸಿ ಜ್ವರ ಬರುವುದೇ ಎಂದು ಕಾಯ್ದರು. ಗುರುವಿನ ಒಂದು ಊಹೆ ಶಿಷ್ಯರ ಎಷ್ಟು ತಿಂಗಳು ತಿನ್ನಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಆದರೂ ಮ್ಯಾನ್ಸನ್ ಪತ್ರದ ಮೇಲೆ ಪತ್ರ ಬರೆದು ರಾಸ್ ಅವರನ್ನು ಹುರಿದುಂಬಿಸುತ್ತಲೇ ಇದ್ದರು. 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಿ ರಾಸ್ ಅವರ ಕಣ್ಣಿಗೆ ಬಿತ್ತು. ಮರುವರ್ಷ ಹಕ್ಕಿಗಳ ಮಲೇರಿಯ ಸೊಳ್ಳೆಯ ಕಡಿತದಿಂದಲೇ ಹರಡುವುದನ್ನು ತೋರಿಸಿದರು. ನೀರಿನ ಊಹೆ ಮಲೇರಿಯದಲ್ಲಿ ಅಲ್ಲಿಗೆ ಮುರಿಯಿತು.

ಆನೆಕಾಲಿನಲ್ಲಿ ಅದನ್ನು ಮುರಿದದ್ದು ಬಾಳೆಹಣ್ಣು. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಥಾಮಸ್ ಬ್ಯಾಂಕ್ರಾಫ್ಟ್ ಎಂಬ ವೈದ್ಯರಿದ್ದರು. ದೊಡ್ಡ ಹುಳುವನ್ನು 1876ರಲ್ಲಿ ಮೊದಲು ಕಂಡ ಜೋಸೆಫ್ ಬ್ಯಾಂಕ್ರಾಫ್ಟ್ ಅವರ ಮಗ. ಹುಳುವಿನ ಹೆಸರು ವುಚೆರೇರಿಯ ಬ್ಯಾಂಕ್ರಾಫ್ಟಿ ಎಂದಿರುವುದು ತಂದೆಯ ನೆನಪಿಗೆ. ಮಗ ಸೊಳ್ಳೆಗಳಿಗೆ ಬಾಳೆಹಣ್ಣು ತಿನ್ನಿಸಿ ವಾರಗಟ್ಟಲೆ ಬದುಕಿಸಿದರು. ಆಗ ಹುಳು ಪೂರ್ತಿ ಬೆಳೆಯಲು ಎರಡು ವಾರಕ್ಕೂ ಹೆಚ್ಚು ಬೇಕೆಂದು ತಿಳಿಯಿತು. ಅಲ್ಲಿಂದ ಬಂದ ಸೊಳ್ಳೆಗಳನ್ನು 1900ರಲ್ಲಿ ಲಂಡನ್ನಿನಲ್ಲಿ ತೆಳುವಾಗಿ ಕೊಯ್ದು ನೋಡಿದವರು ಮ್ಯಾನ್ಸನ್ ಅವರ ಶಿಷ್ಯ ಜಾರ್ಜ್ ಲೋ. ಹುಳು ಸೊಳ್ಳೆಯ ಸೊಂಡಿಲಿನೊಳಗೆ ಹೊರಡಲು ಸಿದ್ಧವಾಗಿ ಕುಳಿತಿತ್ತು. ಅದೇ ವರ್ಷ ತಿರುವಾಂಕೂರಿನಲ್ಲಿ ಎಸ್. ಪಿ. ಜೇಮ್ಸ್ ಕೂಡ ಸ್ವತಂತ್ರವಾಗಿ ಅದನ್ನೇ ಕಂಡರು. ಇಪ್ಪತ್ಮೂರು ವರ್ಷ ಹಿಡಿದಿದ್ದ ಮಾತನ್ನು ಮ್ಯಾನ್ಸನ್ ಬಿಟ್ಟುಕೊಟ್ಟರು. ತಪ್ಪು ತೋರಿಸಿದವರು ತಮ್ಮದೇ ಶಾಲೆಯಿಂದ ಬಂದ ಹುಡುಗ ಎಂಬುದು ಅವರಿಗೆ ಅಡ್ಡಬರಲಿಲ್ಲ.

ಶಾಲೆ ಎಂದೆ. ಲಂಡನ್ನಿನ ಉಷ್ಣವಲಯ ವೈದ್ಯಶಾಲೆ 1899ರಲ್ಲಿ ಆರಂಭವಾದದ್ದು ಮ್ಯಾನ್ಸನ್ ಅವರ ಹಟದಿಂದ. ಅದಕ್ಕೂ ಒಂದು ವರ್ಷ ಮೊದಲು ಉಷ್ಣವಲಯದ ರೋಗಗಳ ಮೇಲೆ ಅವರು ಬರೆದ ಪಠ್ಯಪುಸ್ತಕ ಪರಿಷ್ಕಾರಗೊಳ್ಳುತ್ತ ಇಂದಿಗೂ ಅವರ ಹೆಸರಿನಲ್ಲಿಯೇ ಬರುತ್ತಿದೆ. 1900ರಲ್ಲಿ ಇಟಲಿಯಿಂದ ತರಿಸಿದ ಮಲೇರಿಯದ ಸೊಳ್ಳೆಗಳಿಗೆ ತಮ್ಮ ಕೈಯೊಡ್ಡಿ ಜ್ವರ ಬರಿಸಿಕೊಂಡು ರಾಸ್ ಅವರ ಶೋಧವನ್ನು ಮನುಷ್ಯರಲ್ಲಿ ದೃಢಪಡಿಸಿದವರು ಅವರ ಮಗ, ವೈದ್ಯ ವಿದ್ಯಾರ್ಥಿ ಥರ್ಬರ್ನ್ ಮ್ಯಾನ್ಸನ್. ಆ ಮಗ ಎರಡೇ ವರ್ಷದಲ್ಲಿ ಕ್ರಿಸ್‌ಮಸ್ ದ್ವೀಪದಲ್ಲಿ ಬಂದೂಕಿನ ಅಪಘಾತಕ್ಕೆ ತುತ್ತಾದರು. ತಂದೆ ಬಹಳ ಕಾಲದಿಂದ ಸಂಧಿವಾತದಲ್ಲಿ ನರಳುತ್ತಿದ್ದರೂ ಪಾಠ ಬಿಡಲಿಲ್ಲ. 1903ರಲ್ಲಿ ಸರ್ ಪದವಿ ಬಂತು. 1922ರ ಏಪ್ರಿಲ್ 9ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಎರಡನೆಯ ಹಂತದ ಬೋಧನಾಭ್ಯಾಸ ಬಬಲೇಶ್ವರದಲ್ಲಿ. ಅಲ್ಲಿ ಇದೇ ಪಾಠವನ್ನು ತಿರುಗಿಸಿ ಮಾಡಿದೆ. ಮ್ಯಾನ್ಸನ್ ಅವರಿಗೆ 1878ರಲ್ಲಿ ಗೊತ್ತಿದ್ದಷ್ಟನ್ನು ಮಾತ್ರ ಹಲಗೆಯ ಮೇಲೆ ಬರೆದು, ಹುಳು ಮತ್ತೆ ಮನುಷ್ಯನಿಗೆ ಹೇಗೆ ಬರುತ್ತದೆ ಎಂದು ಗುಂಪುಗಳಿಗೆ ಬಿಟ್ಟೆ. ಆರು ಗುಂಪುಗಳಲ್ಲಿ ನಾಲ್ಕು ನೀರು ಎಂದವು. ಒಂದು ಗುಂಪು ಸೊಳ್ಳೆಗೆ ತಿನ್ನಲು ಏನು ಕೊಟ್ಟಿದ್ದರು ಎಂದು ಕೇಳಿತು. ಪಾಠಯೋಜನೆಯ ಪ್ರಕಾರ ಆ ಪ್ರಶ್ನೆ ನಾನೇ ಕೇಳಬೇಕಿತ್ತು, ಹತ್ತು ನಿಮಿಷ ಮೊದಲೇ ಬಂದುಬಿಟ್ಟಿತು, ನನ್ನ ಕೊನೆಯ ಹಂತದ ಮೌಲ್ಯಮಾಪನಕ್ಕೆ ಹೊತ್ತು ಉಳಿಯಲಿಲ್ಲ.

ಆಮೇಲೆ ಒಂದು ಶನಿವಾರ ಬೆಳಗಿನ ಶಾಲೆಗೆ ಟಿಕೋಟಾಕ್ಕೆ ಹೋದೆ. ವರ್ಗ ಶಿಕ್ಷಕರ ಅನುಮತಿ ಪಡೆದು ಆ ತರಗತಿಗೆ ಮ್ಯಾನ್ಸನ್ ಅವರ ಕತೆ ಹೇಳಿದೆ, ಅಂದು ಉತ್ತರವನ್ನು ಓದಿ ನಗಿಸಿದ್ದು ನನ್ನ ತಪ್ಪು ಎಂದೂ ಹೇಳಿದೆ. ಆ ಹುಡುಗಿ ತಲೆ ಎತ್ತಲಿಲ್ಲ. ಗಂಟೆ ಹೊಡೆದ ಮೇಲೆ ಬಾಗಿಲ ಬಳಿ ಬಂದು ನಿಂತು ಒಂದು ಮಾತು ಕೇಳಿದಳು. ಅವಳ ತಂದೆ ದ್ರಾಕ್ಷಿ ತೋಟದವರು. ತ್ರೀ ಫೇಸ್ ಕರೆಂಟು ರಾತ್ರಿ ಬರುವ ದಿನಗಳಲ್ಲಿ ಇರುಳೆಲ್ಲ ಮೋಟಾರಿನ ಬಳಿ ಇದ್ದು ಹಗಲು ಮಲಗುತ್ತಾರೆ. ಹಾಗೆ ಹಗಲು ಮಲಗುವವರ ರಕ್ತದಲ್ಲಿ ಹುಳು ಯಾವಾಗ ಬರುತ್ತದೆ, ಅಕ್ಕೋರಿಗೆ ಗೊತ್ತೇ ಎಂದಳು. ನನಗೆ ಗೊತ್ತಿರಲಿಲ್ಲ. ನೋಡಿ ಹೇಳುತ್ತೇನೆ ಎಂದು ಬಸ್ಸು ಹತ್ತಿದೆ.

ಉತ್ತರ ಸಿಕ್ಕಿತು. ಇದೇ ಪ್ರಶ್ನೆಯನ್ನು ಹಿಡಿದು 1881ರಲ್ಲಿ ಲಂಡನ್ನಿನಲ್ಲಿ ಸ್ಟೀಫನ್ ಮೆಕೆಂಜಿ ಎಂಬ ವೈದ್ಯರು ಭಾರತದಿಂದ ಮರಳಿದ್ದ ಸೈನಿಕನೊಬ್ಬನನ್ನು ಹಗಲು ಮಲಗಿಸಿ, ರಾತ್ರಿ ಎಚ್ಚರವಿರಿಸಿ ಊಟ ಕೊಟ್ಟು ನೋಡಿದ್ದರು. ಕೆಲವೇ ದಿನಗಳಲ್ಲಿ ಹುಳುಗಳೂ ಹೊತ್ತು ಬದಲಿಸಿ ಹಗಲು ಬರತೊಡಗಿದವು. ಇದನ್ನು ಅವಳ ಹೆಸರಿಗೆ, ಶಾಲೆಯ ವಿಳಾಸಕ್ಕೆ ಕಾಗದ ಬರೆದು ಕಳಿಸಿದೆ. ಈಗ ಹುಳುವನ್ನೇ ಕಾಣಬೇಕಿಲ್ಲದೆ ರಕ್ತದಲ್ಲಿ ಅದರ ಗುರುತು ಹಿಡಿಯುವ ಪಟ್ಟಿಗಳಿವೆ, ಅವಕ್ಕೆ ಹಗಲು ರಾತ್ರಿಯ ಭೇದವಿಲ್ಲ, ನಿಮ್ಮ ತಂದೆಯವರನ್ನು ಯಾವ ಹೊತ್ತಿನಲ್ಲಾದರೂ ಪರೀಕ್ಷಿಸಬಹುದು ಎಂದೂ ಸೇರಿಸಿದೆ. ಹತ್ತು ದಿನದ ಮೇಲೆ ಕಾಲೇಜಿನ ವಿಳಾಸಕ್ಕೆ ಅವಳ ಕಾಗದ ಬಂತು. ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ ಕೊಡುತ್ತಾರೆ, ಹಾಗಿದ್ದರೆ ಹುಳು ಏನು ಮಾಡುತ್ತದೆ ಎಂದು ಕೇಳಿದ್ದಾಳೆ.